ಲಗೇಜ್ ಟಿಕೆಟ್ ಇಲ್ಲದ ಹಾರ

ವಿಮಾನವನ್ನು ಬೀಳಿಸಿದ್ದು ಗಾಳಿಯಲ್ಲ, ಚೆಂಡು ಹೂವು. ಗಾಳಿ ಬೀಳಿಸಿತು ಎಂದು ಊರಿಗೆಲ್ಲ ಹೇಳಿದವರು ನಮ್ಮ ಯಜಮಾನರು. ನನಗೆ ತಿಳಿದ ಮಟ್ಟಿಗೆ ಅವರು ಹೇಳಿದ ಸುಳ್ಳು ಅದೊಂದೇ. ಅದನ್ನೂ ನೆಟ್ಟಗೆ ಹೇಳಲು ಬರಲಿಲ್ಲ. ಹೇಳುವಾಗಲೆಲ್ಲ ನೆಲ ನೋಡುತ್ತಿದ್ದರು.

ಗಂಡನ ಹೆಸರನ್ನು ನಾನು ಬಾಯಲ್ಲಿ ಹೇಳಿದವಳಲ್ಲ, ಈಗ ಬರೆಯುವುದೂ ಇಲ್ಲ. ಗುಂಡ್ಲುಪೇಟೆಯಲ್ಲಿ ಅವರು ಎಲ್ಲರಿಗೂ ಕಂಡಕ್ಟರ್ರು. ನೆನೆದರೆ ಮೊದಲು ಕಣ್ಣಿಗೆ ಬರುವುದು ಅವರು ನಿಲ್ಲುತ್ತಿದ್ದ ರೀತಿ. ಅಂಗಳದಲ್ಲಿ ನಿಂತರೂ ಓಡುವ ಬಸ್ಸಿನಲ್ಲಿ ನಿಂತ ಹಾಗೆ ಕಾಲು ಅಗಲಿಸಿ, ಸೊಂಟವನ್ನು ಇಲ್ಲದ ಸೀಟಿಗೆ ಒರಗಿಸಿಕೊಂಡು ನಿಲ್ಲುವರು. ಕಿವಿಯ ಹಿಂದೆ ಪೆನ್ನು. ಮನೆಗೆ ನೆಂಟರು ಬಂದರೆ, "ಒಳಿಕ್ ನಡೀರಿ, ಒಳಗೆ ಜಾಗ ಅದೆ, ಬಾಗ್ಲಲ್ಲಿ ನಿಲ್ಬ್ಯಾಡಿ" ಎನ್ನುವರು. ಊಟಕ್ಕೆ ಕೂತವರ ತಲೆ ಎಣಿಸುವರು. ಸರ್ಕಾರಿ ಬಸ್ಸಿನಲ್ಲಿ ದುಡಿದು ಅಂಟಿದ ಚಾಳಿ, ರಿಟೈರಾದ ಮೇಲೂ ಹೋಗಲಿಲ್ಲ.

ಬಸ್ಸಿನೊಳಗೆ ಅವರಿಗೆ ನೆಂಟರೂ ಇಲ್ಲ, ಇಷ್ಟರೂ ಇಲ್ಲ. ಹಬ್ಬಕ್ಕೆಂದು ನನ್ನ ಅವ್ವ ಒಂದು ಹುಂಜ ಹಿಡಿದುಕೊಂಡು ಬಂದಾಗ ಹುಂಜಕ್ಕೂ ಟಿಕೆಟ್ ಹರಿದರು. ಅವ್ವ ಮನೆಗೆ ಬಂದವಳು ಬಾಗಿಲಲ್ಲೇ ಕೂತಳು. "ನಿನ್ ಗಂಡ ನನ್ ಕೋಳೀಗೂ ಚೀಟಿ ಅರ್ದ ಕಣವ್ವ. ಅದೇನು ಸೀಟಲ್ಲಿ ಕೂತಿತ್ತಾ?"

ಇವರು ಬ್ಯಾಗು ಮೊಳೆಗೆ ನೇತುಹಾಕುತ್ತಾ, "ಹತ್ತಿದ್ಮೇಲೆ ಟಿಕೆಟ್ ಆಗ್ಲೇಬೇಕು ಅತ್ತೆ, ಕೋಳಿ ಆದ್ರೂನು" ಎಂದರು.

ಆ ಗುಣದಿಂದಲೇ ಒಡಹುಟ್ಟಿದ ತಮ್ಮನನ್ನು ಕಳೆದುಕೊಂಡರು. ನನ್ನ ಮೈದ ಉಡಿಗಾಲದ ಹೊಲದಲ್ಲಿ ಚೆಂಡು ಹೂವು ಬೆಳೆಯುತ್ತಾನೆ. ಒಂದು ಬೆಳಿಗ್ಗೆ ಹೂವಿನ ಮೂಟೆ ಹೊತ್ತು, ಚಾಮರಾಜನಗರದ ಮಾರ್ಕೆಟ್ಟಿಗೆ ಹೋಗಲು ಅಣ್ಣನ ಬಸ್ಸನ್ನೇ ಹತ್ತಿದ. ಇವರು ಲಗೇಜ್ ಟಿಕೆಟ್ ತಗೋ ಎಂದರು. ಅವನು ಪಕ್ಕದವರ ಕಡೆ ತಿರುಗಿ ನಕ್ಕು, "ನಮ್ಮಣ್ಣನ ಬಸ್ಸಲ್ಲಿ ನಂಗೆ ಲಗೇಜಾ?" ಎಂದ. ಇವರು ಸೀಟಿ ಊದಿಯೇಬಿಟ್ಟರು. ಬಯಲ ನಡುವೆ, ಬಸ್ಸು ತುಂಬ ಜನ ನೋಡುತ್ತಿದ್ದ ಹಾಗೆ, ತಮ್ಮನನ್ನೂ ಮೂಟೆಯನ್ನೂ ಇಳಿಸಿದರು. ಅವನು ಬಿಸಿಲಲ್ಲಿ ಹೊತ್ತುಕೊಂಡು ಹೋಗಿ ಸೇರುವಷ್ಟರಲ್ಲಿ ಹೂವು ಬಾಡಿ ಕೇಳುವವರಿರಲಿಲ್ಲ. ಅಂದಿನಿಂದ ನಮ್ಮ ಹೊಸ್ತಿಲು ತುಳಿಯಲಿಲ್ಲ. ಮದುವೆ ಮನೆಗಳಲ್ಲಿ ಅಣ್ಣ ಒಂದು ಪಂಕ್ತಿಯಲ್ಲಿ ಕೂತರೆ ತಮ್ಮ ಇನ್ನೊಂದು ಪಂಕ್ತಿಗೆ ಕಾಯುವನು. ಹಾಗೇ ವರ್ಷಗಳು ಹೋದವು. ಇವರು ತಾವು ಮಾಡಿದ್ದು ತಪ್ಪು ಎಂದು ಒಂದು ದಿನವೂ ಹೇಳಲಿಲ್ಲ. ಆದರೆ ಉಡಿಗಾಲ ಬಂದಾಗ ಕಿಟಕಿಯಿಂದ ಬಗ್ಗಿ ಆ ಹೊಲ ನೋಡುವರು ಎಂದು ಅವರ ಡ್ರೈವರೇ ನನಗೆ ಹೇಳಿದ್ದ.

ರಿಟೈರಾದ ಮೇಲೆ ಒಂದು ದಿನ ಫೋನಿನಲ್ಲಿ ಏನೋ ನೋಡುತ್ತಿದ್ದವರು ಕೂಗಿದರು. "ಏಯ್, ಬಾ ಇಲ್ಲಿ. ಡಬಲ್ ಡೆಕ್ಕರ್ ನೋಡು."

ಹಳೇ ಕಾಲದ ವಿಮಾನ. ಮೇಲೊಂದು ಕೆಳಗೊಂದು ರೆಕ್ಕೆ, ನಡುವೆ ಕಡ್ಡಿ, ತಂತಿ. ಅವರು ಚಿಕ್ಕವರಾಗಿದ್ದಾಗ ಅಂಥದ್ದೇ ಒಂದು ಉಡಿಗಾಲದ ಹೊಲದ ಮೇಲೆ ತಗ್ಗಿನಲ್ಲಿ ಹಾರಿಹೋಗಿತ್ತಂತೆ. ಅಣ್ಣ ತಮ್ಮ ಇಬ್ಬರೂ ಅದರ ಹಿಂದೆ ಕೆರೆ ಏರಿಯವರೆಗೆ ಓಡಿದರಂತೆ. ತಮ್ಮ ಬಿದ್ದು ಮಂಡಿ ಒಡೆದುಕೊಂಡ, ಅಣ್ಣ ಬೆನ್ನ ಮೇಲೆ ಹೊತ್ತು ಮನೆಗೆ ತಂದರಂತೆ.

"ನೋವು ಅಂತ ಅಳ್ನಿಲ್ಲ ಕಣೆ ಅವ್ನು. ವಿಮಾನ ನಿಲ್ಲಿಸ್ನಿಲ್ವಲ್ಲ ಅಂತ ಅತ್ತ." ಹೇಳಿ ನಕ್ಕರು. ಆಮೇಲೆ ನಗು ನಿಂತಿತು. ಅಂಥದ್ದೇ ಒಂದು ಹಾರುವ ಮಾದರಿ ಮಾಡುತ್ತೇನೆ, ದೊಡ್ಡದನ್ನೇ ಮಾಡುತ್ತೇನೆ ಎಂದರು. ಯಾರು ನೋಡಲಿ ಎಂದು ಮಾಡುತ್ತಿದ್ದಾರೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳುವಂಥದ್ದೇನಿತ್ತು?

ಅವರಿಗೆ ಮರದ ಕೆಲಸ ಬರುತ್ತಿರಲಿಲ್ಲ. ಮೊಳೆ ಹೊಡೆದರೆ ಹೆಬ್ಬೆರಳಿಗೇ ಬೀಳುವುದು. ಮೊದಲ ರೆಕ್ಕೆಯನ್ನು ಬಿದಿರಿನಲ್ಲಿ ಕಟ್ಟಿದರು. ನಾನು ಎತ್ತಿ ನೋಡಿ, "ಇದು ಹಾರಕಿಲ್ಲ. ಇದ್ರ ಮ್ಯಾಲೆ ಸಂಡಿಗೆ ಒಣಗಾಕ್ಬೋದು" ಎಂದೆ. ಎರಡನೆಯದು ಅಂಟು ಒಣಗಿದ ಮೇಲೆ ಸೊಟ್ಟಗಾಗಿ ಒಂದು ಮಗ್ಗುಲಿಗೆ ಮಲಗಿತು. ಬೇಲಿಯ ಕತ್ತಾಳೆ ಹೂ ಬಿಟ್ಟು ಸತ್ತ ಮೇಲೆ ಅದರ ಉದ್ದನೆಯ ಗಳು ಒಣಗಿ ನಿಲ್ಲುತ್ತದಲ್ಲ, ಕೈಯಲ್ಲಿ ಹಿಡಿದರೆ ಏನೂ ಹಿಡಿದಂತಿರುವುದಿಲ್ಲ. ಕೊನೆಗೆ ಅದನ್ನು ಸೀಳಿ ಕಟ್ಟಿದರು. ಸೀಳುವುದನ್ನು ಕಲಿಯಲು ಒಂದು ಬೇಲಿಯ ಗಳುಗಳನ್ನೆಲ್ಲ ಹಾಳು ಮಾಡಿದರು; ನನಗೆ ನೀರು ಕಾಯಿಸಲು ಸೌದೆಯಾಯಿತು.

ಹೊದಿಕೆಗೆ ಅವರದೇ ಹಳೇ ಬಿಳಿ ಪಂಚೆ. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ, ಗಂಜಿ ಕಾಯಿಸಿ ನಾನೇ ಬಳಿದೆ. ಒಣಗಿದ ಮೇಲೆ ಬೆರಳಲ್ಲಿ ತಟ್ಟಿದರೆ ತಮಟೆಯ ಹಾಗೆ ಸದ್ದು. ಮೋಟರು, ಬ್ಯಾಟರಿ, ಕೈಯಲ್ಲಿ ಹಿಡಿದು ನಡೆಸುವ ರಿಮೋಟು ಪಾರ್ಸೆಲ್ಲಿನಲ್ಲಿ ಬಂದವು. ಮೇಲಿನ ರೆಕ್ಕೆ ನಮ್ಮ ಮಂಚಕ್ಕಿಂತ ಉದ್ದ. ನಡುಮನೆಯಲ್ಲೇ ಎಲ್ಲವನ್ನೂ ಜೋಡಿಸಿ ನಿಲ್ಲಿಸಿ, ಹೊರಗೆ ತರಲು ಹೋದರೆ ಬಾಗಿಲಲ್ಲಿ ಹಿಡಿಸಲಿಲ್ಲ. ಕಾಲು ಅಗಲಿಸಿ ನಿಂತು ಬಾಗಿಲನ್ನೇ ನೋಡಿದರು.

"ಈಗ್ ಹೇಳಿ, ಬಾಗ್ಲಲ್ಲಿ ನಿಲ್ಬ್ಯಾಡಿ ಅಂತ" ಎಂದೆ.

ರೆಕ್ಕೆಗಳನ್ನು ಬಿಚ್ಚಿ ಹಾಕಲು ಬರುವ ಹಾಗೆ ಮತ್ತೆ ಮೊದಲಿನಿಂದ ಕಟ್ಟಿದರು.

ಭಾರದ ವಿಷಯದಲ್ಲಿ ಮಾತ್ರ ಅವರು ಹಳೇ ಕಂಡಕ್ಟರ್ರೇ. ಒಂದೊಂದು ಕಡ್ಡಿಯನ್ನೂ ಪುಟ್ಟ ತಕ್ಕಡಿಯಲ್ಲಿ ತೂಗಿ ಹತ್ತಿಸುವರು. ನಾನು ಮೂತಿಗೆ ಅರಿಶಿನ ಕುಂಕುಮ ಇಟ್ಟರೆ ಅದನ್ನೂ ಒರೆಸಿ ಒಂದು ಚುಕ್ಕೆ ಉಳಿಸಿದರು. "ಅಷ್ಟ್ಯಾಕೆ ಬಳ್ದೀಯೆ? ಭಾರ ಕಣೆ." ದೃಷ್ಟಿಗೆಂದು ಕಟ್ಟಿದ ನಿಂಬೆಹಣ್ಣನ್ನು ಬಿಚ್ಚಿ ನನ್ನ ಕೈಗೇ ಕೊಟ್ಟರು. "ಲಗೇಜಿಲ್ದೆ ಹತ್ತೈತೆ ಇದು. ಇಳ್ಸು."

ನಮ್ಮ ಬೀದಿಯ ಹಿಂದಿನ ಮೈದಾನದಲ್ಲಿ ಓಡಿಸಿ ನೋಡಿದಾಗ ಅದು ಮೊಳದಷ್ಟು ಮೇಲೆದ್ದು, ಸ್ವಲ್ಪ ದೂರ ಹೋಗಿ, ನೆಟ್ಟಗೆ ಇಳಿಯಿತು. ಕಣ್ಣಾರೆ ನೋಡಿದ್ದೇನೆ. ಹಾರುವ ಯೋಗ್ಯತೆ ಅದಕ್ಕಿತ್ತು.

ಆ ಸಂಜೆ ನನ್ನ ಮುಖ ನೋಡದೆ, "ಇನ್ನು ದೊಡ್ಡ ಜಾಗ ಬೇಕು. ಉಡಿಗಾಲದ ಹೊಲ ಮಟ್ಟಸವಾಗಿ ಅದೆ" ಎಂದರು.

"ಹೋಗಿ ಕೇಳಿ ಮತ್ತೆ."

"ನಾ ಕೇಳಿದ್ರೆ ಕೊಟ್ಟಾನಾ? ನೀ ಓಗು."

ಹೋದೆ. ಮೈದ ಹೂವಿನ ಸಾಲಿನಲ್ಲಿ ಬಗ್ಗಿದ್ದವನು ತಲೆ ಎತ್ತಲಿಲ್ಲ. "ಏನತ್ಗೆ, ದಾರಿ ತಪ್ತಾ?"

"ನಿಮ್ಮಣ್ಣ ವಿಮಾನ ಮಾಡವ್ರೆ. ನಿನ್ ಹೊಲದಲ್ಲಿ ಬುಡ್ಬೇಕಂತೆ."

"ವಿಮಾನ್ವಾ? ಅದ್ರಲ್ಲೂ ಟಿಕೆಟ್ ಅರೀತಾನಾ? ಅಲ್ಲಿಂದ ಇಳಿಸ್ಬುಟ್ರೆ ಕಷ್ಟ ಕಣತ್ಗೆ, ಮೂಳೆನೂ ಸಿಕ್ಕಾಕಿಲ್ಲ."

"ಎರಡೆರಡು ರೆಕ್ಕೆದು ಕಣಪ್ಪ. ನೀವು ಚಿಕ್ಕೋರಿದ್ದಾಗ ಹಿಂದೆ ಓಡಿದ್ರಂತಲ್ಲ, ಅಂತದ್ದು."

ಅವನ ಕೈ ನಿಂತಿತು. ಮಂಡಿಯನ್ನು ಒಮ್ಮೆ ಸವರಿಕೊಂಡ. "ಮ್ಯಾಲ್ಗಡೆ ಪಟ್ಟಿ ಖಾಲಿ ಅದೆ. ಹೂ ತುಳೀಬ್ಯಾಡ ಅನ್ನು" ಎಂದು ಮತ್ತೆ ಬಗ್ಗಿದ. ತಾನು ಬರುತ್ತೇನೆ ಎಂದು ಹೇಳಲಿಲ್ಲ.

ನಾವು ಗೂಡ್ಸ್ ಆಟೋದಲ್ಲಿ ವಿಮಾನ ಹಾಕಿಕೊಂಡು ಹೋದ ದಿನ ಹೊಲದ ಬದಿಯ ಬೇವಿನ ಮರದ ಕೆಳಗೆ ಅವನು ನಿಂತಿದ್ದ. ಕೈ ಹಿಂದಕ್ಕಿತ್ತು. ಇವರು ನೋಡಿಯೂ ನೋಡದವರ ಹಾಗೆ ರೆಕ್ಕೆ ಜೋಡಿಸುತ್ತಿದ್ದರು. ಒಂದು ಸ್ಕ್ರೂ ಮಣ್ಣಿಗೆ ಬಿತ್ತು, ಹುಡುಕಿಕೊಟ್ಟೆ. ಎಲ್ಲ ಮುಗಿಯುವ ಹೊತ್ತಿಗೆ ಮೈದ ಸೀದಾ ಬಂದ. ಅವನ ಕೈಯಲ್ಲಿ ಚೆಂಡು ಹೂವಿನ ಹಾರ. ಆಯುಧಪೂಜೆಗೆ ಬಸ್ಸಿನ ಮೂತಿಗೆ ಹಾಕುತ್ತಾರಲ್ಲ, ಅಂಥ ತೋಳು ದಪ್ಪದ ಹಾರ. ಬೆಳಗಿನ ಮಂಜು ಇನ್ನೂ ಹೂವಿನಲ್ಲೇ ಇತ್ತು. ವಿಮಾನದ ಕೊರಳಿಗೆ, ಮೂತಿಯಲ್ಲಿ ತಿರುಗುವ ಫ್ಯಾನಿನ ಹಿಂದಕ್ಕೇ ಹಾಕಿದ.

"ಹೊಸ ಗಾಡಿ. ಬರೀ ಮೂತೀಲಿ ಬುಡ್ಬಾರ್ದು."

ಅಷ್ಟು ವರ್ಷಗಳ ಮೇಲೆ ಅವನು ಅಣ್ಣನಿಗೆ ಆಡಿದ ಮೊದಲ ಮಾತು ಅದು.

ಹಾರದ ಭಾರಕ್ಕೆ ವಿಮಾನದ ಬಾಲ ಸ್ವಲ್ಪ ಮೇಲಕ್ಕೆದ್ದಿತು. ನಾನು ಇವರ ಮುಖ ನೋಡಿದೆ. ಇವರ ಕೈ ಹಾರದ ಕಡೆ ಹೋಯಿತು. ತೆಗೆದುಬಿಡುತ್ತಾರೆ, ಇವರ ಹಣೆಬರಹವೇ ಇಷ್ಟು ಎಂದುಕೊಂಡೆ. ಆ ಕೈ ಜೋತಾಡುತ್ತಿದ್ದ ಹಾರದ ತುದಿಯನ್ನು ಹಿಡಿದು, ಫ್ಯಾನಿಗೆ ತಾಗದ ಹಾಗೆ ಹಿಂದಿನ ತಂತಿಗೆ ಸಿಕ್ಕಿಸಿತು.

"ಚೆನ್ನಾಗಿ ಕಟ್ಟೀಯೆ ಕಣ್ಲಾ" ಎಂದರು.

"ನಾನೇ ಕಟ್ದೆ."

"ರೈಟ್, ಹೋಗನ."

ಅದು ಓಡಿತು. ಓಡಿ ಓಡಿ ನೆಲ ಬಿಟ್ಟಿತು. ಆಳೆತ್ತರಕ್ಕೆ ಏರಿತು. ಮೈದ "ಎದ್ತು ಕಣಣ್ಣೋ!" ಎಂದು ಅರಚಿಕೊಂಡು, ಮುದಿ ಮಂಡಿಯಲ್ಲಿ ಅದರ ಹಿಂದೆ ಓಡಿದ. ಇವರೂ ರಿಮೋಟು ಹಿಡಿದುಕೊಂಡೇ ಓಡಿದರು. ಇಬ್ಬರ ಪಂಚೆಯೂ ಬಿಚ್ಚಿಹೋಗುವ ಹಾಗಿತ್ತು. ನಾನು ವಿಮಾನ ನೋಡುವುದು ಬಿಟ್ಟು ಅವರನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ಸಿಕ್ಕಿಸಿದ್ದ ಹಾರದ ತುದಿ ಕಳಚಿ ಫ್ಯಾನಿಗೆ ಸಿಕ್ಕಿತು. ಹಳದಿ ಎಸಳು ಚಿಮ್ಮಿತು. ವಿಮಾನ ಮೂತಿ ಕೆಳಗೆ ಮಾಡಿಕೊಂಡು ಹೋಗಿ ಹೂವಿನ ಸಾಲಿಗೇ ಬಿತ್ತು.

ಮೊದಲು ಮುಟ್ಟಿದವರು ಇವರು. ಬಗ್ಗಿ, ಫ್ಯಾನಿಗೆ ಸುತ್ತಿಕೊಂಡಿದ್ದ ಹಾರದ ಬಾಳೆನಾರನ್ನು ಕಿತ್ತು ಅಂಗಿಯ ಜೇಬಿಗೆ ತುರುಕಿಕೊಂಡರು. ಹಿಂದೆ ಹೋದ ನಾನು ನೋಡಿದೆ. ಮೈದ ಏದುಸಿರು ಬಿಡುತ್ತಾ ಬಂದ.

"ಯಾಕಣ್ಣ ಬಿತ್ತು?"

"ಗಾಳಿ ಕಣ್ಲಾ. ಎದುರು ಗಾಳಿ."

ಬೇವಿನ ಮರದಲ್ಲಿ ಒಂದು ಎಲೆ ಅಲುಗುತ್ತಿರಲಿಲ್ಲ. "ನಿನ್ ಹೂವಿನ ಮ್ಯಾಲೆ ಬಿತ್ತು, ಅದ್ಕೆ ಉಳ್ಕತು" ಎಂದೂ ಸೇರಿಸಿದರು, ನೆಲ ನೋಡುತ್ತಾ.

"ಹೂ ತುಳೀಬ್ಯಾಡ ಅಂದ್ರೆ ವಿಮಾನನೇ ಬೀಳುಸ್ದಲ್ಲೋ" ಎಂದು ತಮ್ಮ ನಕ್ಕ. ಮುರಿದ ರೆಕ್ಕೆಯನ್ನು ಹೆಗಲ ಮೇಲೆ ಹೊತ್ತು ಆಟೋದವರೆಗೂ ಬಂದ.

ಮನೆಗೆ ಬಂದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. "ಭಾರ ಅಂತ ನನ್ ಕುಂಕುಮ ಒರೆಸಿದೋರು. ಅಷ್ಟ್ ದಪ್ಪದ ಹಾರ ಹೆಂಗೆ ಬುಟ್ರಿ?"

ಜೇಬಿನಿಂದ ಆ ನಾರು ತೆಗೆದು, ಅದರಲ್ಲಿ ಉಳಿದಿದ್ದ ಒಂದು ಹೂವನ್ನು ಬಿಡಿಸುತ್ತಾ ಕೂತರು. "ಆ ಹೂವ್ನ ಒಂದ್ಸಲ ಇಳ್ಸಿದ್ದೆ ಕಣೆ. ಇನ್ನೊಂದ್ಸಲ ಇಳ್ಸಕಾಯ್ತದಾ?"

ಆಮೇಲೆ ಮೈದ ಭಾನುವಾರ ಭಾನುವಾರ ನಮ್ಮ ಮನೆಗೆ ಬರತೊಡಗಿದ, ರೆಕ್ಕೆ ರಿಪೇರಿಗೆ. ಅವನು ಗಳು ಸೀಳುವನು, ಇವರು ಅಂಟು ಹಾಕುವರು, ಇಬ್ಬರೂ ಸೇರಿ ನನ್ನ ಗಂಜಿ ತೆಳುವಾಯಿತು ಎನ್ನುವರು. ಒಂದು ವಾರದ ಕೆಲಸವನ್ನು 'ಇನ್ನೂ ಸ್ವಲ್ಪ ಅದೆ, ಇನ್ನೂ ಸ್ವಲ್ಪ ಅದೆ' ಎಂದು ಎಳೆದರು. ವಿಮಾನ ಮತ್ತೆ ಹಾರಲಿಲ್ಲ. ಹಾರಿಸುವ ಆತುರ ಇಬ್ಬರಿಗೂ ಇರಲಿಲ್ಲ. ಬೀಳಿಸಿದ್ದು ಅವನ ಹೂವಿನ ಹಾರ ಎಂದು ನಾನು ಮೈದನಿಗೆ ಇವತ್ತಿಗೂ ಹೇಳಿಲ್ಲ. ಅವನಿಗೆ ಓದು ಬರುವುದಿಲ್ಲ. ಯಾರಾದರೂ ಇದನ್ನು ಓದಿ ಹೇಳಿದರೆ ಹೇಳಲಿ.

ಮುಂದಿನ ವರ್ಷದ ಹೂವಿನ ಕಾಲದಲ್ಲಿ, ಇವರು ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟು ಗೋಡೆಗೆ ಒರಗಿದರು, ಅಷ್ಟೇ. ಮೈದ ಮಾರ್ಕೆಟ್ಟಿಗೆಂದು ಕೊಯ್ದಿದ್ದ ಹೂವಿನಲ್ಲಿ ಒಂದು ಮೂಟೆಯನ್ನು ಹೊತ್ತುಕೊಂಡೇ ಓಡಿ ಬಂದ. ಕಟ್ಟುತ್ತಾ ಹೋದ, ಹಾಕುತ್ತಾ ಹೋದ. ಮುಖವೇ ಮುಚ್ಚಿಹೋಗುವ ಹಾಗಾದಾಗ ಯಾರೋ ಸಾಕು ಎಂದರು. "ಹಾಕ್ಲಿ ಬುಡಿ. ಈಗ ಭಾರ ಆಗಕಿಲ್ಲ" ಎಂದೆ.

ಉಡಿಗಾಲದ ಹೊಲದ ಆ ಮೇಲುಗಡೆಯ ಪಟ್ಟಿಯಲ್ಲೇ ಮಣ್ಣು ಮಾಡಿದೆವು. ಆ ರಾತ್ರಿ ನಾನು ಮೈದನ ಮನೆಯಲ್ಲೇ ಉಳಿದೆ. ಅವನ ಜಗಲಿಯಲ್ಲಿ ಇನ್ನೊಂದು ಮೂಟೆ ಹೂವು ಹಾಗೇ ಬಿದ್ದಿತ್ತು. "ಕೊಳೀಲಿ ಬುಡತ್ಗೆ, ಯಾರ್ಗ್ ಬೇಕು" ಎಂದು ಅವನು ಗೋಡೆಗೆ ಮುಖ ಮಾಡಿ ಮಲಗಿದ.

ಮಾರನೆಯ ಬೆಳಿಗ್ಗೆ ನಾನು ಮೂಟೆಯ ಬಾಯಿ ಹೊಲಿದು, ಮೈದನನ್ನು ಎಬ್ಬಿಸಿ, ಮೂಟೆ ಹೊರಿಸಿ, ಚಾಮರಾಜನಗರದ ಬಸ್ಸು ಹತ್ತಿಸಿದೆ. ನಾನೂ ಹತ್ತಿದೆ. ನೆನ್ನೆ ಮಣ್ಣು ಮಾಡಿ ಇವತ್ತು ಮಾರ್ಕೆಟ್ಟಿಗೆ ಹೊರಟಳು ಎಂದು ಬೀದಿಯ ಹೆಂಗಸರು ಆಡಿಕೊಂಡದ್ದು ಕೇಳಿಸಿತು. ಕಂಡಕ್ಟರ್ ಹುಡುಗ ನಮ್ಮ ಗುರುತಿನವನೇ. ಹೆಂಗಸರಿಗೆ ಈಗ ದುಡ್ಡಿಲ್ಲದ ಟಿಕೆಟ್. ನನಗೆ ಅದನ್ನು ಕೊಟ್ಟ, ಮೈದನಿಗೆ ಅವನದನ್ನು ಕೊಟ್ಟ, ಮೂಟೆಯನ್ನು ನೋಡಿ ಸುಮ್ಮನೆ ಮುಂದಕ್ಕೆ ಹೊರಟ.

"ಲಗೇಜ್ ಟಿಕೆಟ್ ಕೊಡಪ್ಪ" ಎಂದೆ.

"ಇರ್ಲಿ ಬುಡಿ ಅಜ್ಜಿ. ನಮ್ ಕಂಡಕ್ಟರ್ ಮನೆ ಹೂವಿಗೆ ಎಂತಾ ಲಗೇಜು?"

"ಕೊಟ್ರೆ ಕೊಡು. ಇಲ್ದಿದ್ರೆ ಸೀಟಿ ಊದಿ ಇಲ್ಲೇ ಇಳ್ಸು."

ಅವನು ಮಿಷನ್ನು ಒತ್ತಿ ಚೀಟಿ ಹರಿದು ಕೊಟ್ಟ. ಅದನ್ನು ಮಡಿಸಿ ಮೈದನ ಜೇಬಿಗೆ ಇಟ್ಟು, ಮೂಟೆಯನ್ನು ಕಾಲ ಹತ್ತಿರಕ್ಕೆ ಎಳೆದುಕೊಂಡು ಕೂತೆ.