ಬೀಗರ ಬುಟ್ಟಿ

ವರ್ಷಗಟ್ಟಲೆ ಆಫ್ರಿಕಾದ ಬಗ್ಗೆ ಬರೆಯುತ್ತಿರುವ ನಾನು ಸಮುದ್ರವನ್ನೇ ದಾಟಿಲ್ಲ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನನ್ನ ಪಯಣವೆಲ್ಲ ಸಿಂಧನೂರು–ಲಿಂಗಸುಗೂರು ಬಸ್ಸಿನಲ್ಲಿ, ಅದೂ ಬಾಗಿಲ ಹತ್ತಿರ ನಿಂತು. ಕೂತರೆ ನನ್ನ ಕಾಲು ಸುಮ್ಮನಿರುವುದಿಲ್ಲ.

ನನ್ನ ವಿಷಯ ಜೋಳ. ನಾವು ದಿನಾ ರೊಟ್ಟಿ ಬಡಿದು ತಿನ್ನುವ ಈ ಕಾಳು ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದದ್ದು. ಹೇಗೆ ಬಂತು? ಒಬ್ಬರಿಂದ ಬಗೆಹರಿಯುವ ಪ್ರಶ್ನೆಯಲ್ಲವೆಂದು ಮೂವರು ಮೇಷ್ಟರು ಸೇರಿದೆವು: ಇತಿಹಾಸದ ನಾನು, ಲಿಂಗಸುಗೂರಿನ ಸಸ್ಯಶಾಸ್ತ್ರದ ಬಸವರಾಜ, ಮಸ್ಕಿಯ ಅರ್ಥಶಾಸ್ತ್ರದ ಶರಣಮ್ಮ. ಇದಕ್ಕೆ ‘ಅಂತರಶಿಸ್ತೀಯ ಸಂಶೋಧನೆ’ ಎಂದು ದೊಡ್ಡ ಹೆಸರು. ಮಸ್ಕಿಯಲ್ಲಿ ಮಂಡಕ್ಕಿ-ಮಿರ್ಚಿ ಮುಂದಿಟ್ಟುಕೊಂಡು ಜಗಳವಾಡುವುದು ಎಂದು ಅದರ ಅರ್ಥ. ಬಸವರಾಜನಿಗೆ ಬೀಜ ಬಿಟ್ಟರೆ ಮನುಷ್ಯ ಕಾಣುವುದಿಲ್ಲ, ಶರಣಮ್ಮನವರಿಗೆ ಸಂತೆ ಬಿಟ್ಟರೆ ಹೊಲ ಕಾಣುವುದಿಲ್ಲ, ನನಗೆ ಹಡಗು ಬಿಟ್ಟರೆ ಏನೂ ಕಾಣುವುದಿಲ್ಲ.

ಕೊನೆಗೆ ಕೀನ್ಯಾದ ವಿದ್ವಾಂಸರ ಸಭೆಯಿಂದ ಕರೆ ಬಂತು, ಒಬ್ಬರಿಗೆ ಮಾತ್ರ. ಅಲ್ಲಿಯ ಬೆಳೆ ನೋಡಬೇಕಾದವನು ಬಸವರಾಜ, ಅವನೇ ಹೋಗಲಿ ಎಂದು ನಾನೇ ದೊಡ್ಡ ಮನಸ್ಸು ಮಾಡಿ ಹೇಳಿದೆ. ಹೇಳಿ ಮನೆಗೆ ಬಂದು ಹೊಟ್ಟೆ ಉರಿದುಕೊಂಡೆ. ಅಂಗಳದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಅಂಗಳಕ್ಕೆ ಸುತ್ತಿದೆ.

“ಏನಾಗೈತಪ್ಪಾ ನಿನಗ? ಗಾಣದೆತ್ತಿನಂಗ ತಿರಗಾಕತ್ತಿದಿ,” ಎಂದಳು ಅವ್ವ.

ಹೇಳಿದೆ. ಜೋಳದ ತವರು ಆಫ್ರಿಕಾ ಎಂಬ ನನ್ನ ಮಾತನ್ನು ಅವಳು ಅದುವರೆಗೆ ಕಿವಿಗೇ ಹಾಕಿಕೊಂಡಿರಲಿಲ್ಲ. ಈಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಖರೇನ ತವರಂದ್ರ ಬರಿಗೈಲೆ ಹೋಗ್ತಾರೇನು? ಬುತ್ತಿ ಕಟ್ತೀನಿ ತಡಿ.”

ನಮ್ಮ ಸಿಂಧನೂರಿನ ಸುತ್ತ ಕಾಲುವೆ ನೀರಿನ ಭತ್ತವೇ ಭತ್ತ. ಮಸ್ಕಿ ಕಡೆಯ ಮಳೆ ಹೊಲದ ಜೋಳ ತರಿಸಿ, ಕಟಕ ರೊಟ್ಟಿ ಬಡಿದು, ಶೇಂಗಾ ಹಿಂಡಿಯೊಂದಿಗೆ ಸ್ಟೀಲ್ ಡಬ್ಬಿ ತುಂಬಿದಳು. ನಾನು ಹೋಗಬೇಕಾದ ಊರಿಗೆ ನಮ್ಮ ಮನೆಯ ಡಬ್ಬಿ ಹೋಯಿತು.

ಬಸವರಾಜ ಮರಳಿ ಬಂದವನೇ ನನ್ನ ಮುಂದೆ ಮುಚ್ಚಳವಿರುವ ಹೆಣೆದ ಬುಟ್ಟಿಯೊಂದನ್ನು ಇಟ್ಟ. ಅವನು ಇಳಿದುಕೊಂಡಿದ್ದ ಮನೆಯ ಅಜ್ಜಿ ರೊಟ್ಟಿ ತಿಂದು, ಡಬ್ಬಿಯನ್ನು ತಾನೇ ಇಟ್ಟುಕೊಂಡು, ತನ್ನ ಬುಟ್ಟಿಯಲ್ಲಿ ಹುರಿದ ಜೋಳ ತುಂಬಿ ಕಳಿಸಿದ್ದಳು.

“ಖಾಲಿ ಕಳಿಸಬಾರ್ದಂತ್ರೀ ಸರ, ಅಲ್ಲೀನೂ,” ಎಂದ ಬಸವರಾಜ.

ಅವ್ವ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು. ಆಮೇಲೆ ಜೋಳವನ್ನು ಸುರುವಿಕೊಂಡು, ಬುಟ್ಟಿಯನ್ನು ಒರೆಸಿ ನನ್ನ ಕೈಗಿತ್ತಳು.

“ಬೀಗರ ಬುಟ್ಟಿ ಇಟ್ಕೋಬಾರ್ದು. ಈ ಸಲ ನೀನ ಹೋಗಿ ಕೊಟ್ಟು ಬಾ. ಖಾಲಿ ಒಯ್ಯಬ್ಯಾಡ ಮತ್ತ.”

ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದೇನೆ. ಕಾಲು ಈಗಂತೂ ನೆಲದ ಮೇಲೆ ನಿಲ್ಲುತ್ತಿಲ್ಲ. ಆಫ್ರಿಕಾಕ್ಕೆ ಏಕೆ ಹೋಗುತ್ತಿದ್ದೀರಿ ಎಂದು ಯಾರಾದರೂ ಕೇಳಿದರೆ ಸಂಶೋಧನೆ ಎನ್ನುವುದಿಲ್ಲ. ಬೀಗರ ಮನೆಗೆ ಹೊರಟಿದ್ದೇನೆ ಎನ್ನುತ್ತೇನೆ.