ಪ್ರೇಮಲೀಲಾ ಮೇಡಂ ಮತ್ತು ಐರ್ಲೆಂಡಿನ ಮಣ್ಣಿನ ಕೋಟೆ

ಮೈಸೂರಿನಲ್ಲಿ ಕುಳಿತು ಐರ್ಲೆಂಡಿನ ಹಳೆಯ ಹಳ್ಳಿಗಾಡನ್ನು ಕನ್ನಡಕ್ಕೆ ಪರಿಚಯಿಸಿದ ಇತಿಹಾಸಕಾರರನ್ನು ಎಣಿಸಲು ನನಗೆ ಒಂದೇ ಬೆರಳು ಸಾಕು. ಅವರೇ ಈ ತಿಂಗಳು ನಿವೃತ್ತರಾಗುತ್ತಿರುವ ಪೂಜ್ಯ ಗುರುಗಳಾದ ಪ್ರೊ. ಪ್ರೇಮಲೀಲಾ. "ನಮ್ಮ ಶಾಸನಗಳೇ ಬೇಕಾದಷ್ಟು ಬಿದ್ದಿರುವಾಗ ಇದೇಕೆ?" ಎಂದು ಮೂಗು ಮುರಿದವರಿಗೆಲ್ಲ ಅವರು ಕಾಫಿ ಕೊಟ್ಟು, ನಕ್ಷೆ ಬಿಡಿಸಿ, ಸಾವಿರದ ಮುನ್ನೂರು ವರ್ಷಗಳ ಹಿಂದೆ ಅಲ್ಲಿನ ಗೇಲಿಕ್ ಜನ ಮನೆಯ ಸುತ್ತ ದುಂಡಗೆ ಕಂದಕ ತೋಡಿ, ಅದೇ ಮಣ್ಣಿನಿಂದ ಏರಿ ಹಾಕಿ ಬದುಕಿದ ಬಗೆಯನ್ನು ವಿವರಿಸಿಯೇ ಕಳಿಸುತ್ತಿದ್ದರು. ಅಂಥ ಒಂದು ಕೋಟೆಯ ಕುರಿತ ಪುಸ್ತಕವೇ ಅವರಿಗೆ ಹೆಸರು ತಂದಿತು. ವೈಕಿಂಗ್ ದಾಳಿಕೋರರಿಗೆ ಹೆದರಿ ಅದನ್ನು ಕಟ್ಟಿದರೆಂಬುದು ಆ ಪುಸ್ತಕದ ಮುಖ್ಯ ವಾದ.

ಹದಿನೈದು ವರ್ಷಗಳ ಹಿಂದೆ ನಾನು ಅವರ ಎಂ.ಎ. ವಿದ್ಯಾರ್ಥಿ. ಅವರ ಮಾರ್ಗದರ್ಶನದಲ್ಲೇ ಪಿಎಚ್.ಡಿ. ಮಾಡುವ ಆಸೆ, ಸಂದರ್ಶನಕ್ಕೆ ಒಂದೇ ವಾರವಿತ್ತು. ಶನಿವಾರದ ಸೆಮಿನಾರಿಗೆಂದು ಆ ಕೋಟೆಯ ಉತ್ಖನನದ ವರದಿ ಓದಿದಾಗ, ಕಂದಕದ ತಳದಲ್ಲಿ ಸಿಕ್ಕ ಇದ್ದಿಲು ಏಳನೆಯ ಶತಮಾನದ್ದೆಂದು ಕಂಡಿತು. ವೈಕಿಂಗರು ಆ ದ್ವೀಪಕ್ಕೆ ಬಂದದ್ದೇ ಎಂಟನೆಯ ಶತಮಾನದ ಕೊನೆಗೆ. ಬಾಯಿ ಮುಚ್ಚಿಕೊಂಡಿರಬಹುದಿತ್ತು, ತುಂಬಿದ ಸಭೆಯಲ್ಲಿ ಹೇಳಿಬಿಟ್ಟೆ. ಮೇಡಂ ವರದಿಯನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಟುಹೋದರು.

"ಮುಗೀತು ಕಣೋ ನಿನ್ ಪಿಎಚ್.ಡಿ.," ಎಂದ ಸಹಪಾಠಿ ಮಹೇಶ್. ನನಗೂ ಹಾಗೇ ಅನ್ನಿಸಿ ಎರಡು ದಿನ ಊಟ ಸೇರಲಿಲ್ಲ.

ಸೋಮವಾರ ಮೇಡಂ ಕುವೆಂಪುನಗರದ ತಮ್ಮ ಮನೆಗೆ ಕರೆಸಿಕೊಂಡರು. ಮೇಜಿನ ಮೇಲೆ ಮಾರಾಟವಾಗದೆ ಉಳಿದ ಪುಸ್ತಕಗಳು, ಅಚ್ಚು ಹಾಕಿಸಿದ ಚೀಟಿಗಳು, ಬಟ್ಟಲಲ್ಲಿ ಮೈದಾ ಅಂಟು.

"ನಿನ್ ಮಾತು ಸುಳ್ಳು ಮಾಡೋಕೆ ಎರಡು ದಿನ ಒದ್ದಾಡ್ದೆ. ಆಗ್ಲಿಲ್ಲ. ತಪ್ಪು ನಂದೇ ಕಣಪ್ಪ," ಎಂದರು ಮೇಡಂ.

ಚೀಟಿಯಲ್ಲಿ ಹೀಗಿತ್ತು: 'ಅರವತ್ತೆರಡನೆಯ ಪುಟದ ವಾದ ತಪ್ಪು. ತೋರಿಸಿಕೊಟ್ಟವರು ಎಂ.ಎ. ವಿದ್ಯಾರ್ಥಿ ನಿರಂಜನ್.' ನನ್ನ ಕಣ್ಣು ತುಂಬಿಬಂತು.

ಅಂಟು ಕಲಸುತ್ತಿದ್ದ ಅವರ ತಾಯಿ ದೇವಿರಮ್ಮನವರು, "ಮತ್ತೆ ಯಾರಿಗೆ ಹೆದ್ರಿ ಕಟ್ಕೊಂಡ್ರಂತೆ?" ಎಂದು ಕೇಳಿದರು.

"ದನ ಹೊಡ್ಕೊಂಡ್ ಹೋಗೋ ಅಕ್ಕಪಕ್ಕದೋರಿಗೆ ಇರ್ಬೇಕು ಕಣಮ್ಮ."

"ಇದನ್ನ ಹೇಳೋಕೆ ಇಷ್ಟೊಂದ್ ಓದ್ಬೇಕಿತ್ತಾ?"

ಮೂವರೂ ನಗುತ್ತ ಸಂಜೆಯವರೆಗೆ ಚೀಟಿ ಅಂಟಿಸಿದೆವು.

ಸಂದರ್ಶನದಲ್ಲಿ ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ನನ್ನ ಪುಸ್ತಕದಲ್ಲಿ ಇನ್ನೇನೇನು ತಪ್ಪಿದೆ?" ಉತ್ತರಿಸಲು ನನಗೆ ಐದು ವರ್ಷ ಹಿಡಿಯಿತು, ಅದೇ ನನ್ನ ಮಹಾಪ್ರಬಂಧವಾಯಿತು. ಇಂದು ಅದೇ ವಿಭಾಗದಲ್ಲಿ ಪಾಠ ಹೇಳುತ್ತಿದ್ದೇನೆ.

ಮೇಡಂ ಆಯುರಾರೋಗ್ಯದಿಂದ ನೂರು ಕಾಲ ಬಾಳಲಿ, ಕೈಗೆತ್ತಿಕೊಂಡ ಆ ಪುಸ್ತಕದ ಎರಡನೆಯ ಸಂಪುಟವನ್ನು ಮುಗಿಸಲಿ. ಅದರ ಕರಡು ಮೊನ್ನೆ ನನ್ನ ಕೈಸೇರಿತು. ಮೊದಲ ಪುಟದ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದಾರೆ: 'ನಿರಂಜನ್, ಹೆದರದೆ ಓದು.'