ಕಂಪ್ಯೂಟರಿಗೆ ಕನ್ನಡ ಕಲಿಸುವ ವಿಶಾಖಾ

ಎನ್.ಆರ್. ಕಾಲೋನಿಯ ಆ ರಸ್ತೆಗೆ ಹಾಲಿನವನೂ ಇನ್ನೂ ಬಂದಿಲ್ಲ. ಚಕ್ರಪಾಣಿಯವರ ಕಾಂಡಿಮೆಂಟ್ಸ್ ಅಂಗಡಿಯ ಶಟರ್ ಅರ್ಧ ಮಾತ್ರ ಎದ್ದಿದೆ. ಒಳಗೆ ನಿನ್ನೆಯ ಎಣ್ಣೆಯ ವಾಸನೆ, ಇಂಗಿನ ಘಾಟು. ಕಂಪ್ಯೂಟರಿನ ಮುಂದೆ ಅಕ್ಕಯಮ್ಮ ಸೆರಗಿಗೆ ಕೈ ಒರೆಸಿಕೊಂಡು ಕೂತಿದ್ದಾರೆ. ಅವರ ಹಿಂದೆ ವಿಶಾಖಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಾರೆ. ರಿಪೇರಿಗೆ ಬಂದವರು ಹೀಗೆ ಪರೀಕ್ಷಾ ಕೊಠಡಿಯ ಮೇಷ್ಟ್ರಂತೆ ನಿಲ್ಲುವುದನ್ನು ನಾನಂತೂ ನೋಡಿರಲಿಲ್ಲ.

"ಮೌಸ್ ನಾನು ಮುಟ್ಟಲ್ಲ, ಅಕ್ಕಯಮ್ಮೋರೇ. ನೀವೇ ಒತ್ತಿ."

"ಏನಾದ್ರೂ ಸುಟ್ಟೋದ್ರೆ?"

"ಅದೇನು ಬಾಣಲೆನಾ? ಒತ್ತಿ, ಪರ್ವಾಗಿಲ್ಲ."

ಅಕ್ಕಯಮ್ಮ ಒತ್ತುತ್ತಾರೆ. ಭಾಷೆಗಳ ಸಾಲಿನಲ್ಲಿ 'ಕನ್ನಡ' ಎಂಬುದು ಮೇಲಕ್ಕೆ ಬಂದು ಕೂರುತ್ತದೆ. ಡೌನ್‌ಲೋಡ್ ಶುರುವಾಗುತ್ತದೆ. ನೀಲಿ ಗೆರೆ ಆಮೆಯ ಹಾಗೆ ತೆವಳುವಷ್ಟರಲ್ಲಿ ಇಬ್ಬರೂ ಕಾಫಿ ಕುಡಿದು ಮುಗಿಸುತ್ತಾರೆ. ಕಂಪ್ಯೂಟರ್ ಒಮ್ಮೆ ಆರಿ ಮತ್ತೆ ಹೊತ್ತಿಕೊಂಡಾಗ ಪರದೆಯ ತುಂಬ ಕನ್ನಡ. ಅಕ್ಕಯಮ್ಮ ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೇ ಜೋರಾಗಿ ಓದುತ್ತಾರೆ. ಕಸದಬುಟ್ಟಿಯ ಚಿತ್ರದ ಕೆಳಗಿನ ಹೆಸರನ್ನೂ ಬಿಡುವುದಿಲ್ಲ.

ವಿಶಾಖಾ ಚಾಮರಾಜಪೇಟೆಯವರು, ನಲವತ್ತರ ಆಸುಪಾಸು. ಸ್ಕೂಟರಿನ ಡಿಕ್ಕಿಯಲ್ಲಿ ಸ್ಕ್ರೂಡ್ರೈವರ್, ಧೂಳು ಹೊಡೆಯುವ ಬ್ರಷ್, ಎರಡು ಪೆನ್‌ಡ್ರೈವ್. ದಿನಕ್ಕೆ ನಾಲ್ಕೈದು ಕಡೆ ಹೋಗುತ್ತಾರೆ. ಹೆಚ್ಚಿನವು ಪ್ರಿಂಟರ್ ಮುನಿಸಿಕೊಂಡದ್ದು, ವೈರಸ್ ಹೊಕ್ಕಿದ್ದು ಇಂಥವೇ. ಭಾಷೆ ಬದಲಿಸಿಕೊಡಿ ಎಂದು ಕರೆಯುವವರು ವಾರಕ್ಕೊಬ್ಬರು ಸಿಕ್ಕರೆ ಹಬ್ಬ. ಆ ಕೆಲಸಕ್ಕೆ ಮಾತ್ರ ಗಿರಾಕಿಗಳು ಬರುವ ಮುಂಚೆ, ಬೆಳಕು ಹರಿಯುವಾಗಲೇ ಹಾಜರಾಗುತ್ತಾರೆ. ಕಂಪ್ಯೂಟರ್ ಓದಲು ಬರುವ ಭಾಷೆಯಲ್ಲಿರಬೇಕು, ಕಲಿಯುವವರಿಗೆ ಯಾರೂ ಅವಸರ ಮಾಡಬಾರದು ಎಂಬುದು ಅವರ ಹಟ.

ಆ ಹಟಕ್ಕೆ ಕಾರಣ ಅವರ ತಾಯಿ ಸಿದ್ದಮ್ಮ. ಮಲ್ಲೇಶ್ವರಂನ ಒಂದು ಆಫೀಸಿನಲ್ಲಿ ಕಸ ಗುಡಿಸುತ್ತಿದ್ದರು. "ಅಷ್ಟೂ ಕಂಪ್ಯೂಟರ್ ಅಮ್ಮಾನೇ ಒರೆಸ್ತಿದ್ರು. ಒಂದಿನ ಬಟ್ಟೆ ತಗುಲಿ ಏನೋ ಬಂತಂತೆ ಸ್ಕ್ರೀನ್ ಮೇಲೆ. ಓದಕ್ಕಾಗ್ಲಿಲ್ಲ. ಹೆದರ್ಕೊಂಡು ಪ್ಲಗ್ಗೇ ಕಿತ್ತುಹಾಕಿದ್ರು. ಕನ್ನಡ ಪೇಪರ್ ದಿನಾ ಓದೋ ಹೆಂಗಸು ಅವ್ರು," ಎನ್ನುವಾಗ ವಿಶಾಖಾ ಅವರ ದನಿಯಲ್ಲಿ ಇವತ್ತಿಗೂ ಸಿಟ್ಟಿದೆ. ನನಗೂ ಬಂತು.

ಹಾಗಂತ ಜನ ಹಾರ ಹಿಡಿದು ಕಾಯುತ್ತಿರಲಿಲ್ಲ. ವಿಶಾಖಾ ಡಿಪ್ಲೊಮಾ ಮುಗಿಸಿ ಹೊಸದಾಗಿ ಕೆಲಸಕ್ಕಿಳಿದಾಗ ಮಾಮೂಲ್‌ಪೇಟೆಯ ವ್ಯಾಪಾರಿಯೊಬ್ಬರು ಕೈಮುಗಿದೇ ಬಿಟ್ಟರಂತೆ. "ಕನ್ನಡ ಹಾಕಿದ್ರೆ ಆಮೇಲೆ ಇದನ್ನ ಸೆಕೆಂಡ್‌ಹ್ಯಾಂಡಲ್ಲಿ ಯಾರಮ್ಮ ತಗೋತಾರೆ ಅಂದ್ರು! ಗೋಡೆಗೆ ಬಣ್ಣ ಹೊಡೆದಂಗೆ ಅನ್ಕೊಂಡಿದ್ರು, ಪಾಪ," ಎಂದು ನಗುತ್ತಾರೆ.

ಅಕ್ಕಯಮ್ಮನ ಕಥೆಗೆ ಬರೋಣ. ಅವರು ಈ ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ ಚಕ್ಕುಲಿ ಒತ್ತಿ ಒತ್ತಿ ಭುಜ ಸೋತವರು. ಇನ್ನು ಒಲೆಯ ಮುಂದೆ ನಿಲ್ಲಬೇಡಿ ಎಂದು ಡಾಕ್ಟರ್ ಖಡಾಖಂಡಿತವಾಗಿ ಹೇಳಿದ್ದಾರೆ. ಒಳ್ಳೆಯವರಾದ ಚಕ್ರಪಾಣಿ ಅವರನ್ನು ಕೌಂಟರಿಗೆ ತಂದು ಕೂರಿಸಿದರು. ಆರ್ಡರ್ ಬರೆದುಕೊಳ್ಳಲು ಚಕ್ರಪಾಣಿಯವರ ಸೊಸೆ ತನ್ಮಯಿ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಮಾಡಿಕೊಟ್ಟರು. ತಿಂಡಿಯ ಹೆಸರಿನ ಮುಂದೆ ಗಿರಾಕಿಯ ಫೋನ್ ನಂಬರ್, ಎಷ್ಟು ಕಿಲೋ ಎಂದು ಒತ್ತಿದರಾಯಿತು. ಅಕ್ಕಯಮ್ಮ ಒಂದು ದಿನವೆಲ್ಲ ಚಕಚಕನೆ ಒತ್ತಿದರು. ರಾತ್ರಿ ಮುಚ್ಚುವಾಗ ಕಂಪ್ಯೂಟರ್ ಇಂಗ್ಲಿಷಿನಲ್ಲಿ ಏನೋ ಕೇಳಿತು. ಇವರು 'ನೋ' ಎಂದು ಒತ್ತಿ ಮನೆಗೆ ಹೋದರು.

ಬೆಳಗ್ಗೆ ನೋಡಿದರೆ ಎಲ್ಲ ಖಾಲಿ. ಸೀಮಂತದ ಮನೆಯವರು ಕೋಡುಬಳೆಗೆ ಬಂದು ಬರಿಗೈಯಲ್ಲಿ ವಾಪಸಾದರು.

'ನೋ' ಅಂತ ಯಾಕೆ ಒತ್ತಿದಿರಿ ಎಂದು ನಾನೂ ಕೇಳಿದೆ. "ಅರ್ಥ ಆಗ್ದಿರೋದಕ್ಕೆ ಹೂಂ ಅನ್ಬಾರ್ದು ಸ್ವಾಮಿ. ನಮ್ಮಪ್ಪ ಹಂಗೆ ಹೂಂ ಅಂದು ಹೆಬ್ಬೆಟ್ಟು ಒತ್ತಿ ಮನೆ ಕಳ್ಕೊಂಡ್ರು. ಅದಕ್ಕೇ ನನ್ನ ಕನ್ನಡ ಶಾಲೇಲಿ ಮಟ್ರಿಕ್ ತನಕ ಓದ್ಸಿದ್ರು. ಓದಕ್ಕೆ ಬರ್ದೆ ಇದ್ರೆ ಬೇಡ ಅನ್ನು ಅಂತ ಹೇಳ್ಕೊಟ್ಟಿದ್ರು," ಎಂದರು ಅಕ್ಕಯಮ್ಮ. ಇದಕ್ಕೆ ಏನಂತ ಬೈಯುವುದು? ಉಳಿಸಲೇ ಎಂದು ಅದು ಕೇಳಿತ್ತು. ಬೇಡ ಎಂದು ಇವರು ಎಚ್ಚರಿಕೆಯಿಂದಲೇ ಹೇಳಿದ್ದರು. ಆದರೆ ಗೌರಿಹಬ್ಬ ಬಾಗಿಲಲ್ಲಿತ್ತು. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ಕೂರಿಸುತ್ತೇನೆ ಎಂದು ಚಕ್ರಪಾಣಿ ನೆಲ ನೋಡಿಕೊಂಡೇ ಹೇಳಿದರಂತೆ. ಒಲೆಯೂ ಇಲ್ಲ, ಕೌಂಟರೂ ಇಲ್ಲ ಎಂದರೆ ಅಕ್ಕಯಮ್ಮನಿಗೆ ಮನೆಯೇ ಗತಿ. ಆಗ ತನ್ಮಯಿ ವಿಶಾಖಾಗೆ ಫೋನ್ ಮಾಡಿದ್ದು.

ಕನ್ನಡ ಬಂದ ಮಾರನೆಯ ಬೆಳಗ್ಗೆ ಹೊಸ ಫಜೀತಿ. ನಾನೂ ಅಲ್ಲೇ ಇದ್ದೇನೆ. ಅಕ್ಕಯಮ್ಮ ಪಾಸ್‌ವರ್ಡ್ ಕುಟ್ಟುತ್ತಾರೆ, ತಪ್ಪು ಎನ್ನುತ್ತದೆ. ಮತ್ತೆ ಕುಟ್ಟುತ್ತಾರೆ; ಮತ್ತೂ ತಪ್ಪು. ಹೊರಗೆ ಗಿರಾಕಿಗಳು ಸೇರುತ್ತಿದ್ದಾರೆ. ಚಕ್ರಪಾಣಿ ಫೋನಿನಲ್ಲಿ ವಿಶಾಖಾಗೆ, "ಇದೆಲ್ಲ ಯಾಕಮ್ಮ, ಹಳೇದೇ ಹಾಕ್ಕೊಟ್ಬಿಡಿ," ಎನ್ನುತ್ತಾರೆ.

ವಿಶಾಖಾ ಓಡಿ ಬರುವುದಿಲ್ಲ. "ತಪ್ಪು ನಂದೇ ಸಾರ್. ಕಾಣೋ ಭಾಷೆ ಬೇರೆ, ಕುಟ್ಟೋ ಭಾಷೆ ಬೇರೆ. ನಿನ್ನೆ ಹೊರಡೋ ಮುಂಚೆ ಕುಟ್ಟೋದನ್ನೂ ಕನ್ನಡಕ್ಕೆ ತಿರುಗ್ಸೋಕೆ ಹೇಳ್ಬಿಟ್ಟೆ. ಪಾಸ್‌ವರ್ಡ್ ಇರೋದು ಇಂಗ್ಲಿಷಲ್ಲಿ. ಫೋನ್ ಅಕ್ಕಯಮ್ಮೋರಿಗೆ ಕೊಡಿ," ಎನ್ನುತ್ತಾರೆ. ಆಮೇಲೆ ಒಂದೇ ಮಾತು: "ಗಾಬರಿ ಬೇಡ. ಸ್ಕ್ರೀನ್ ಮೇಲೆ ಏನೇನು ಬರೆದಿದೆ, ಓದ್ತಾ ಬನ್ನಿ."

ಅಕ್ಕಯಮ್ಮ ಮೇಲಿನಿಂದ ಓದುತ್ತಾ ಬರುತ್ತಾರೆ. ಕೆಳಗೆ ಬಲಮೂಲೆಯಲ್ಲಿ ಬೆರಳು ನಿಲ್ಲುತ್ತದೆ. "ಇಲ್ಲಿ ಕನ್ನಡ ಅಂತಿದೆ. ಕುಟ್ಟೋದು ಇದೇನಾ? ಇದನ್ನ ಒತ್ತಿ ಇಂಗ್ಲಿಷ್ ಮಾಡ್ಲಾ?" ಆ ಕಡೆಯಿಂದ ಉತ್ತರ ಬರುವಷ್ಟು ಹೊತ್ತೂ ಅವರು ಕಾಯಲಿಲ್ಲ. ಒತ್ತಿದರು, ಪಾಸ್‌ವರ್ಡ್ ಕುಟ್ಟಿದರು, ಪರದೆ ತೆರೆಯಿತು. ಸಾಲಿನ ಮೊದಲಿಗಿದ್ದ ಹಿರಿಯರೊಬ್ಬರು ಚಪ್ಪಾಳೆ ತಟ್ಟಿದರು, ಏನಾಯಿತೆಂದು ಅವರಿಗೆ ಗೊತ್ತಿರಲಿಲ್ಲ. ನಾನೂ ತಟ್ಟಿದೆ. ಚಕ್ರಪಾಣಿ ಶಟರನ್ನು ಪೂರ್ತಿ ಮೇಲೆತ್ತಿದರು.

ಆ ದಿನವೆಲ್ಲ ಹಬ್ಬದ ಆರ್ಡರುಗಳ ಸುರಿಮಳೆ. ಸಂಜೆ ನಾನು ಚಾಮರಾಜಪೇಟೆಯಲ್ಲಿ ವಿಶಾಖಾ ಅವರ ಮನೆಯಲ್ಲಿ ಕೂತು, ನಿಮ್ಮ ಆಸೆಯೇನು ಎಂದು ಕೇಳುತ್ತಿದ್ದೇನೆ. "ಒಂದ್ಸಲ ಹೇಳ್ಕೊಟ್ಟವರು ಮತ್ತೆ ನನ್ನ ಕರೀಬಾರ್ದು. ಅಷ್ಟೇ," ಎನ್ನುವಷ್ಟರಲ್ಲಿ ಫೋನ್ ಬಡಿದುಕೊಳ್ಳುತ್ತದೆ. ಅಕ್ಕಯಮ್ಮ! ವಿಶಾಖಾ ಅವರ ಮುಖ ಸಣ್ಣದಾಗುತ್ತದೆ. ಒಂದು ಕೈ ಸ್ಕೂಟರ್ ಕೀಲಿ ಹುಡುಕುತ್ತಿರುವಾಗಲೇ ಇನ್ನೊಂದು ಕೈ ಸ್ಪೀಕರ್ ಒತ್ತುತ್ತದೆ.

"ರಿಪೇರಿಗಲ್ಲ ಕಣಮ್ಮ. ಅಂಗಡಿ ಮುಚ್ತಿದ್ವಿ. ಕಂಪ್ಯೂಟರ್ ಉಳಿಸಲಾ ಅಂತ ಕೇಳ್ತು. ಓದಿ, ಹೂಂ ಅಂದೆ. ಹೇಳೋಣ ಅಂತ ಫೋನ್ ಮಾಡ್ದೆ."

ವಿಶಾಖಾ ಕೀಲಿಯನ್ನು ಮೊಳೆಗೆ ತೂಗುಹಾಕುತ್ತಾರೆ. "ನೋಡಿ, ನನ್ನ ಒಂದು ಗಿರಾಕಿ ಕೈತಪ್ತು," ಎನ್ನುತ್ತಾರೆ, ಮುಖವೆಲ್ಲ ನಗು ಮಾಡಿಕೊಂಡು.